ಮಾಲೀಕರ ಸಿಟ್ಟು, ನೌಕರರ ಹಕ್ಕು

ತೊಗರಿ ಸುಗ್ಗಿಯ ದಿನಗಳಲ್ಲಿ ಕಲಬುರಗಿಯ ದಾಲ್ ಮಿಲ್ಲುಗಳಾಗಲಿ, ಸೇಡಂ ರಸ್ತೆಯ ಅಂಗಡಿ-ಗೋದಾಮುಗಳಾಗಲಿ ಒತ್ತಡದಿಂದ ಮುಕ್ತವಲ್ಲ. ಲಾರಿ ತಡವಾದಾಗ, ತೂಕದಲ್ಲಿ ವ್ಯತ್ಯಾಸ ಕಂಡಾಗ “ನಾಳಿಂದ ಕೆಲಸಕ್ಕ ಬರಬ್ಯಾಡ” ಎಂಬ ಮಾತು ಮಾಲೀಕರ ಬಾಯಿಂದ ಹೊರಬೀಳುವುದು ಅಪರೂಪವೇನಲ್ಲ. ಆಡಿದವರು ಸಂಜೆಯೊಳಗೆ ಅದನ್ನು ಮರೆಯಬಹುದು, ಕಾನೂನು ಮರೆಯುವುದಿಲ್ಲ.

ಸಣ್ಣ ದಂಡವೊಂದು ಎಷ್ಟು ದೂರ ಸಾಗಬಲ್ಲುದೆಂಬುದಕ್ಕೆ ಕರ್ನಾಟಕದಲ್ಲೇ ನಿದರ್ಶನವಿದೆ. ಬೆಂಗಳೂರು ಜಲಮಂಡಳಿಯು ದುರ್ನಡತೆಯ ಕಾರಣ ನೀಡಿ ಎ. ರಾಜಪ್ಪ ಮತ್ತಿತರ ನೌಕರರಿಗೆ ದಂಡ ವಿಧಿಸಿ ಹಣ ವಸೂಲು ಮಾಡಿತು. ಇದು ಸಹಜ ನ್ಯಾಯಕ್ಕೆ ವಿರುದ್ಧವೆಂದು ನೌಕರರು 1972ರಲ್ಲಿ ಕಾರ್ಮಿಕ ನ್ಯಾಯಾಲಯದ ಮೆಟ್ಟಿಲೇರಿದರು. ಆ ವ್ಯಾಜ್ಯ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದವರೆಗೆ ಹೋಗಿ, 1978ರಲ್ಲಿ ಮಂಡಳಿಯ ಮೇಲ್ಮನವಿ ವಜಾಗೊಂಡಿತು. ‘ಉದ್ಯಮ’ ಎಂಬ ಪದದ ವ್ಯಾಪ್ತಿಯೇ ಹಿಗ್ಗಿತು.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿದ್ದರೂ ಈ ಮೂಲ ತತ್ತ್ವ ಬದಲಾಗಿಲ್ಲ. ವೇತನ ಸಂಹಿತೆಯಂತೆ, ಸಮಜಾಯಿಷಿಗೆ ಅವಕಾಶ ಕೊಡದೆ ದಂಡ ಹಾಕುವಂತಿಲ್ಲ. ಹಾಕಿದರೂ ಅದು ಆ ಅವಧಿಯ ವೇತನದ ಶೇ. 3ನ್ನು ಮೀರುವಂತಿಲ್ಲ. ಕೆಲಸದಿಂದ ತೆಗೆದವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಪಾವತಿಸಬೇಕು. ಅಂಗಡಿಗಳಿಗೆ ಅನ್ವಯಿಸುವ 1961ರ ರಾಜ್ಯ ಕಾಯಿದೆಯ ಪ್ರಕಾರ, ಆರು ತಿಂಗಳು ಸತತ ಸೇವೆ ಸಲ್ಲಿಸಿದವರನ್ನು ಸಮಂಜಸ ಕಾರಣ ಮತ್ತು ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ವೇತನವಿಲ್ಲದೆ ತೆಗೆಯಲಾಗದು. ದುರ್ನಡತೆಯ ಆರೋಪವಿದ್ದಲ್ಲಿ ನೋಟಿಸ್ ಬೇಕಿಲ್ಲ, ಆದರೆ ವಿಚಾರಣೆ ನಡೆದು ಸಾಕ್ಷ್ಯ ದಾಖಲಾಗಿರಬೇಕು.

ಲೆಕ್ಕದ ಭಾಷೆಯಲ್ಲೇ ನೋಡೋಣ. ಮಾಸಿಕ ರೂ. 20,000 ವೇತನದ, ಆರು ವರ್ಷ ಸೇವೆಯ ಕಾರ್ಮಿಕನೊಬ್ಬನನ್ನು ಅವನ ತಪ್ಪಿಲ್ಲದೆ ಕ್ರಮಬದ್ಧವಾಗಿ ತೆಗೆದರೆ ನೋಟಿಸ್ ವೇತನ ರೂ. 20,000, ವರ್ಷಕ್ಕೆ 15 ದಿನಗಳಂತೆ ಪರಿಹಾರ ರೂ. 60,000, ಒಟ್ಟು ರೂ. 80,000 ಆಗುತ್ತದೆ. ಗ್ರಾಚ್ಯುಟಿ ಬೇರೆ. ಅವನನ್ನೇ ಬಾಯಿಮಾತಿನಲ್ಲಿ ಹೊರಹಾಕಿ, ಎರಡು ವರ್ಷಗಳ ಬಳಿಕ ಪೂರ್ಣ ಹಿಂಬಾಕಿ ವೇತನಕ್ಕೆ ಆದೇಶವಾದರೆ ರೂ. 4,80,000 ತೆರಬೇಕು, ಜೊತೆಗೆ ಅವನನ್ನು ಮರಳಿ ಕೆಲಸಕ್ಕೆ ಸೇರಿಸಿಕೊಳ್ಳಬೇಕು. ಅಕ್ರಮ ವಜಾ ಪ್ರಕರಣಗಳಲ್ಲಿ ಹಿಂಬಾಕಿ ವೇತನಸಹಿತ ಮರುನೇಮಕವೇ ಸಾಮಾನ್ಯ ನಿಯಮವೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ.

“ಹಾಗಾದರೆ ಕಳ್ಳತನ ಮಾಡಿದವನನ್ನೂ ಇಟ್ಟುಕೊಳ್ಳಬೇಕೆ?” ಎಂಬ ಪ್ರಶ್ನೆ ಸಹಜ. ಖಂಡಿತ ಬೇಡ. ಶಿಸ್ತುಕ್ರಮದ ಅಧಿಕಾರ ಮಾಲೀಕರ ಕೈಯಲ್ಲೇ ಇದೆ. ಆರೋಪವನ್ನು ಬರೆದುಕೊಡುವುದು, ಉತ್ತರ ಪಡೆಯುವುದು, ವಿಚಾರಣೆ ನಡೆಸುವುದು, ಕಾರಣಸಹಿತ ಆದೇಶ ನೀಡುವುದು — ಇಷ್ಟೇ ಮಾರ್ಗ. “ಅವನೇ ಬಿಟ್ಟುಹೋದ” ಎಂಬ ಸಮರ್ಥನೆಯೂ ಸುಲಭವಾಗಿ ನಿಲ್ಲದು. ಗೈರುಹಾಜರಿಗಾಗಿ ಹೆಸರು ತೆಗೆಯುವ ಮುನ್ನವೂ ನೌಕರನ ಅಹವಾಲು ಕೇಳಬೇಕೆಂದು 1993ರಲ್ಲೇ ತೀರ್ಪಾಗಿದೆ. ಮರಳಿ ಬರುವಂತೆ ತಿಳಿಸುವ ನೋಂದಾಯಿತ ಪತ್ರವೊಂದು ಅಲ್ಲಿ ಮಾಲೀಕರಿಗೇ ರಕ್ಷಣೆ.

ಸಣ್ಣ ಉದ್ದಿಮೆಗೆ ಪ್ರತ್ಯೇಕ ಸಿಬ್ಬಂದಿ ವಿಭಾಗವಿರುವುದಿಲ್ಲ. ಮಾಲೀಕರೇ ದೂರುದಾರರು, ಅವರೇ ನ್ಯಾಯಾಧೀಶರು. ಆದ್ದರಿಂದಲೇ ಅವರಿಗೆ ಸಂಯಮ ಹೆಚ್ಚು ಅಗತ್ಯ. ನೋಟಿಸ್, ವಿಚಾರಣಾ ನಡಾವಳಿ ಮತ್ತು ಅಂತಿಮ ಆದೇಶಗಳ ಮಾದರಿಗಳನ್ನು ಸರಳ ಕನ್ನಡದಲ್ಲಿ ಸಿದ್ಧಪಡಿಸಿ ಸದಸ್ಯರಿಗೆ ಒದಗಿಸಿದರೆ, ವಾಣಿಜ್ಯ ಸಂಸ್ಥೆಯು ಮಾಲೀಕ-ನೌಕರ ಇಬ್ಬರಿಗೂ ಉಪಕಾರ ಮಾಡಿದಂತಾಗುತ್ತದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬ ಗಾದೆಯನ್ನು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು ನೆನಪಿಡುವುದು ಲೇಸು.