ವಿಹಾರನೌಕೆಯ ಪದವಿಗಳು

ಪದವಿಯೆಂಬ ಶಬ್ದವು ಕಿವಿಗೆ ಬಿದ್ದೊಡನೆ ತುಸು ನೆಟ್ಟಗೆ ಕುಳಿತುಕೊಳ್ಳದ ಮನುಷ್ಯನು ವಿರಳ. ವಿದ್ಯಾಶಾಲೆಯವರು ಕೊಡುವ ಪದವಿಗಳುಂಟು. ಸರ್ಕಾರದವರು ಕೊಡುವ ಪದವಿಗಳುಂಟು. ಮದುವೆಯ ಮನೆಯಲ್ಲಿ ಮೊದಲ ಪಂಕ್ತಿಗೆ ಕರೆಯಿಸಿಕೊಳ್ಳುವುದೂ ಒಂದು ಬಗೆಯ ಪದವಿಯೇ ಸರಿ. ಈಚೆಗೆ ನಮ್ಮ ವಾಚಕರ ಮನೆಗಳಿಗೆ ಇನ್ನೊಂದು ಬಗೆಯ ಪದವಿಯು ಪ್ರವೇಶಿಸಿದೆ. ಅದು ಸಮುದ್ರದ ಮೇಲಿನದು. ಮಕ್ಕಳು ಅಮೆರಿಕದಲ್ಲಿರುವ ಗೃಹಸ್ಥರು ಅಲ್ಲಿಗೆ ಹೋದಾಗ, ಮಗನೋ ಅಳಿಯನೋ ಅವರನ್ನು ವಿಹಾರನೌಕೆಯಲ್ಲಿ ಒಂದು ವಾರ ಸುತ್ತಿಸಿಕೊಂಡು ಬರುವ ವಾಡಿಕೆ ಬೆಳೆದಿದೆ. ಇದಕ್ಕೆ ಕ್ರೂಸ್ ಎಂದು ಹೆಸರು. ಹೀಗೆ ಹೋಗಿಬಂದವರನ್ನು ನೌಕಾ ಕಂಪೆನಿಯವರು ತಮ್ಮ ಸಂಘದ ಸದಸ್ಯರನ್ನಾಗಿ ಮಾಡಿಕೊಂಡು, ಅವರು ಮತ್ತೆ ಮತ್ತೆ ಬಂದಂತೆಲ್ಲ ಚಿನ್ನ, ಪ್ಲಾಟಿನಂ, ಪಚ್ಚೆ, ವಜ್ರ ಎಂಬ ಮೆಟ್ಟಿಲುಗಳನ್ನು ಹತ್ತಿಸುತ್ತಾರೆ. ಈ ಮೆಟ್ಟಿಲುಗಳ ಲೆಕ್ಕವು ಹೇಗೆ ನಡೆಯುತ್ತದೆಂಬುದನ್ನು ಈ ತಿಂಗಳು ವಿಚಾರಮಾಡೋಣ.

ಈ ವಿಚಾರಕ್ಕೆ ಕಾರಣರಾದವರು ಮೈಸೂರಿನಲ್ಲಿರುವ ನಮ್ಮ ಹಳೆಯ ಸ್ನೇಹಿತರು. ಅವರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹೈಸ್ಕೂಲಿನಲ್ಲಿ ಗಣಿತವನ್ನು ಕಲಿಸಿ ನಿವೃತ್ತರಾದವರು. ಮಗನು ಟೆಕ್ಸಾಸಿನಲ್ಲಿದ್ದಾನೆ. ಹನ್ನೆರಡು ವರ್ಷಗಳಲ್ಲಿ ದಂಪತಿಗಳಿಬ್ಬರೂ ಮಗನ ಖರ್ಚಿನಲ್ಲಿ ಎಂಟು ಸಲ ನೌಕಾವಿಹಾರ ಮಾಡಿದ್ದಾರೆ. ಒಂದು ಸಂಜೆ ಮೇಷ್ಟ್ರು ನಮ್ಮಲ್ಲಿಗೆ ಬಂದು, "ಸ್ವಾಮಿ, ನಮಗೆ 73 ಅಂಕಗಳಾಗಿವೆ. 80 ಆದರೆ ವಜ್ರದ ಪದವಿ. ಇನ್ನು ಏಳೇ ಉಳಿದಿರುವುದು. ಈ ಸಲ ಮಗನಿಗೆ ಮನೆ ಕೊಂಡ ಸಾಲವಿದೆ, ಆದುದರಿಂದ ನಾನೇ ಬ್ಯಾಂಕಿನ ಠೇವಣಿಯನ್ನು ಮುರಿಸಿ ಹೋಗಿಬರೋಣವೆಂದಿದ್ದೇನೆ," ಎಂದರು. ಜೊತೆಯಲ್ಲಿ ಬಂದಿದ್ದ ಅವರ ಮನೆಯವರು ಏನನ್ನೂ ಹೇಳಲಿಲ್ಲ. ಆ ಠೇವಣಿಯು ಆಕೆಯ ಮೊಣಕಾಲಿನ ಶಸ್ತ್ರಚಿಕಿತ್ಸೆಗಾಗಿ ಇಟ್ಟದ್ದೆಂಬುದು ನಮಗೆ ಮೊದಲೇ ಗೊತ್ತಿತ್ತು. ಲೆಕ್ಕವನ್ನು ಕೂಡಿಯೇ ನೋಡೋಣವೆಂದು ಕಾಗದವನ್ನು ತರಿಸಿದೆವು.

ಮೇಷ್ಟ್ರು ಹೋಗಿಬಂದದ್ದು ರಾಯಲ್ ಕೆರಿಬಿಯನ್ ಎಂಬ ಕಂಪೆನಿಯ ನೌಕೆಗಳಲ್ಲಿ. ಇದರ ಮುಖ್ಯ ಕಚೇರಿಯು ಫ್ಲಾರಿಡದ ಮಯಾಮಿಯಲ್ಲಿದೆ. ಸದಸ್ಯರ ಸಂಘಕ್ಕೆ ಕ್ರೌನ್ ಅಂಡ್ ಆಂಕರ್ ಸೊಸೈಟಿಯೆಂದು ಹೆಸರು. ಇದರ ಲೆಕ್ಕವು ಬಹು ಸರಳವಾದುದು. ನೌಕೆಯಲ್ಲಿ ಕಳೆದ ಒಂದು ರಾತ್ರಿಗೆ ಒಂದು ಅಂಕ. ಸೂಟ್ ಎಂಬ ದೊಡ್ಡ ಕೋಣೆಯನ್ನು ಹಿಡಿದವರಿಗೆ ರಾತ್ರಿಗೆ ಎರಡು. ಕೋಣೆಯ ಬಾಡಿಗೆಯು ಇಬ್ಬರಿಗೆಂದು ಗೊತ್ತುಮಾಡಿದ್ದಾದ ಕಾರಣ, ಒಂಟಿಯಾಗಿ ಹೋಗುವವರು ಸಾಮಾನ್ಯವಾಗಿ ಇನ್ನೊಬ್ಬರ ಪಾಲನ್ನೂ ತಾವೇ ತೆರಬೇಕಾಗುತ್ತದೆ. ಹಾಗೆ ತೆತ್ತವರಿಗೆ ರಾತ್ರಿಗೆ ಮತ್ತೊಂದು ಅಂಕವು ಹೆಚ್ಚಾಗಿ ದೊರೆಯುತ್ತದೆ. 3 ಅಂಕಗಳಿಗೆ ಚಿನ್ನ, 30ಕ್ಕೆ ಪ್ಲಾಟಿನಂ, 55ಕ್ಕೆ ಪಚ್ಚೆ, 80ಕ್ಕೆ ವಜ್ರ, 175ಕ್ಕೆ ವಜ್ರಕ್ಕೂ ಮೇಲಿನದು, 700ಕ್ಕೆ ಪಿನಾಕಲ್ ಎಂಬ ಶಿಖರ. ಸಾಮಾನ್ಯ ಕೋಣೆಯಲ್ಲಿ ಇಬ್ಬರಾಗಿ ಹೋಗುವವರು ಈ ಶಿಖರವನ್ನು ಮುಟ್ಟಬೇಕಾದರೆ 700 ರಾತ್ರಿಗಳನ್ನು ಸಮುದ್ರದ ಮೇಲೆ ಕಳೆಯಬೇಕು. ಎಂದರೆ ಎರಡು ವರ್ಷಕ್ಕೆ ಒಂದು ತಿಂಗಳು ಮಾತ್ರ ಕಡಿಮೆ.

ಮೇಷ್ಟ್ರ 73 ಅಂಕಗಳು ಕೂಡಿದ ಬಗೆಯನ್ನು ನೋಡಿರಿ. ಸಾಮಾನ್ಯ ಕೋಣೆಯಲ್ಲಿ ಏಳು ರಾತ್ರಿಗಳ ಯಾನ ನಾಲ್ಕು, ಅದರಿಂದ 28. ಮಗನಿಗೆ ಸಂಬಳವು ಹೆಚ್ಚಿದ ಮೇಲೆ ಸೂಟಿನಲ್ಲಿ ಏಳು ರಾತ್ರಿಗಳ ಯಾನ ಮೂರು, ಅದರಿಂದ 42. ಮೂರು ರಾತ್ರಿಗಳ ಸಣ್ಣ ಯಾನ ಒಂದು, ಅದರಿಂದ 3. ನಾಲ್ಕು ವಾರಗಳಿಗೆ 28 ಬಂದರೆ ಮೂರೇ ವಾರಗಳಿಗೆ 42 ಬಂದಿತು. ಸಮುದ್ರವು ಅದೇ, ಊಟದ ಮನೆಯೂ ಬಹುಮಟ್ಟಿಗೆ ಅದೇ. ಬದಲಾದದ್ದು ತೆತ್ತ ಹಣ. ಅಂಕವು ನಿಷ್ಠೆಯನ್ನು ಅಳೆಯುತ್ತದೆಂದು ಹೊರಗೆ ಹೇಳಿದರೂ ಕೋಣೆಯ ಬೆಲೆಯನ್ನೂ ಒಳಗೊಳಗೇ ಅಳೆಯುತ್ತದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬೇರೆ ಕಂಪೆನಿಗಳ ಅಳತೆಗೋಲುಗಳು ಬೇರೆ. ಸೆಲೆಬ್ರಿಟಿ ಎಂಬ ಕಂಪೆನಿಯವರು ಕೋಣೆಯ ದರ್ಜೆಯನ್ನು ಮರೆಯಿಲ್ಲದೆ ಲೆಕ್ಕಕ್ಕೆ ಹಿಡಿಯುತ್ತಾರೆ. ಒಳಗಿನ ಕೋಣೆಗೂ ಕಿಟಕಿಯ ಕೋಣೆಗೂ ರಾತ್ರಿಗೆ 2 ಅಂಕ; ಮೊಗಸಾಲೆಯುಳ್ಳ ಕೋಣೆಗೆ 3; ಕನ್ಸಿಯರ್ಜ್ ದರ್ಜೆಗೆ 5; ಸೂಟುಗಳಿಗೆ ಇನ್ನೂ ಹೆಚ್ಚು. ಅವರ ಎಲೀಟ್ ಪದವಿಗೆ 300 ಅಂಕಗಳು ಬೇಕು. ವಾರದ ಯಾನಗಳನ್ನೇ ಮಾಡುವುದಾದರೆ ಒಳಗಿನ ಕೋಣೆಯವರು 22 ಸಲ, ಮೊಗಸಾಲೆಯವರು 15 ಸಲ, ಕನ್ಸಿಯರ್ಜಿನವರು 9 ಸಲ ಹೋಗಬೇಕಾಗುತ್ತದೆ. ಹಾಲೆಂಡ್ ಅಮೆರಿಕ ಲೈನಿನವರು ನಡೆಸಿಕೊಂಡು ಬಂದ ಕ್ರಮದಲ್ಲಿ ನೌಕೆಯ ಮೇಲೆ ಕಳೆದ ದಿನಗಳ ಜೊತೆಗೆ, ಅಲ್ಲಿ ವ್ಯಯಮಾಡಿದ ಪ್ರತಿ 300 ಡಾಲರುಗಳಿಗೂ ಒಂದು ದಿನವನ್ನು ಸೇರಿಸಿಕೊಡುತ್ತಾರೆ. ಎಂದರೆ, ಅಲ್ಲಿ ಇರದೆಯೇ ಇದ್ದಂತಾಗುವ ದಿನಗಳೂ ಉಂಟು!

ಪ್ರಿನ್ಸೆಸ್ ಎಂಬ ಕಂಪೆನಿಯವರು ಬಹುಕಾಲ ನಡೆಸಿದ ಕ್ರಮವು ಇವೆರಡಕ್ಕಿಂತ ವಿಚಿತ್ರವಾದುದು. ಅಲ್ಲಿ ಯಾನಗಳ ಸಂಖ್ಯೆ, ದಿನಗಳ ಸಂಖ್ಯೆ, ಇವೆರಡರಲ್ಲಿ ಯಾವುದು ಮೊದಲು ತುಂಬಿದರೂ ಪದವಿಯು ಸಿಕ್ಕುತ್ತಿತ್ತು. ಐದು ಯಾನಗಳಾದರೆ ಪ್ಲಾಟಿನಂ. 50 ದಿನಗಳಾದರೂ ಪ್ಲಾಟಿನಂ. ಆದುದರಿಂದ ಮೂರು ಮೂರು ದಿನಗಳ ಐದು ಸಣ್ಣ ಯಾನಗಳನ್ನು ಮಾಡಿದವನು 15 ದಿನಗಳಲ್ಲಿಯೇ, 50 ದಿನಗಳ ಒಂದೇ ಮಹಾಯಾನವನ್ನು ಮುಗಿಸಿದವನ ಪಕ್ಕದಲ್ಲಿ ಬಂದು ನಿಲ್ಲುತ್ತಿದ್ದನು. ಇಬ್ಬರಲ್ಲಿ ಯಾರು ಹೆಚ್ಚು ನಿಷ್ಠರೆಂದು ಕೇಳಿದರೆ ಏನು ಹೇಳೋಣ? ಅಳತೆಗೋಲನ್ನು ಹಿಡಿದವನು ಯಾವುದನ್ನು ಬಯಸುತ್ತಾನೋ ಅದೇ ನಿಷ್ಠೆಯೆನಿಸಿಕೊಳ್ಳುತ್ತದೆ. ಮೇಲಿಂದ ಮೇಲೆ ಬರುವವರು ಬೇಕಾದರೆ ಯಾನಗಳನ್ನು ಎಣಿಸುತ್ತಾನೆ. ಬಹಳ ದಿನ ನಿಲ್ಲುವವರು ಬೇಕಾದರೆ ರಾತ್ರಿಗಳನ್ನು ಎಣಿಸುತ್ತಾನೆ. ಹೆಚ್ಚು ವ್ಯಯಮಾಡುವವರು ಬೇಕಾದರೆ ಹಣವನ್ನೇ ಎಣಿಸುತ್ತಾನೆ.

ಹಣವನ್ನೇ ಎಣಿಸುವ ಕಡೆಗೆ ಈಚಿನ ಗಾಳಿಯು ಬೀಸುತ್ತಿದೆ. ವಿಮಾನದ ಕಂಪೆನಿಗಳ ಚರಿತ್ರೆಯನ್ನು ನೋಡಿದರೆ ಇದು ತಿಳಿಯುತ್ತದೆ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಪ್ರಯಾಣಿಕರ ಯೋಜನೆಯನ್ನು ಆರಂಭಿಸಿದಾಗ ಎಣಿಸುತ್ತಿದ್ದುದು ಹಾರಿದ ಮೈಲಿಗಳನ್ನು. 2024ರಿಂದ ಡೆಲ್ಟಾ ಕಂಪೆನಿಯು ಪದವಿಗಾಗಿ ಮೈಲಿಗಳನ್ನು ಎಣಿಸುವುದನ್ನು ಬಿಟ್ಟು, ವ್ಯಯಮಾಡಿದ ಡಾಲರುಗಳ ಲೆಕ್ಕವನ್ನು ಮಾತ್ರ ಉಳಿಸಿಕೊಂಡಿತು. ನೌಕೆಗಳಲ್ಲಿ ಕಾರ್ನಿವಲ್ ಕಂಪೆನಿಯು ವರ್ಷಾನುಗಟ್ಟಲೆ ದಿನಕ್ಕೊಂದು ಅಂಕವನ್ನು ಕೊಡುತ್ತಿದ್ದಿತು. 25ಕ್ಕೆ ಚಿನ್ನ, 75ಕ್ಕೆ ಪ್ಲಾಟಿನಂ, 200ಕ್ಕೆ ವಜ್ರ. 2025ರಲ್ಲಿ ಅದು ಈ ಕ್ರಮವನ್ನು ಬಿಟ್ಟು, 2026ರಿಂದ ವ್ಯಯದ ಆಧಾರದ ಮೇಲೆ, ಎರಡೆರಡು ವರ್ಷಗಳ ಅವಧಿಯಲ್ಲಿ ಪದವಿಯನ್ನು ಗೊತ್ತುಮಾಡುವುದಾಗಿ ಪ್ರಕಟಿಸಿತು. ಮೇಲಿನ ಮೆಟ್ಟಿಲುಗಳಲ್ಲಿ ಜನರು ಕಿಕ್ಕಿರಿದರೆ ಮರ್ಯಾದೆಗೆ ಬೆಲೆಯಿರುವುದಿಲ್ಲವೆಂಬುದು ಇಂತಹ ಬದಲಾವಣೆಗಳ ಹಿಂದಿನ ನ್ಯಾಯ. ಮೊದಲ ಪಂಕ್ತಿಯಲ್ಲಿಯೇ ಊರಿನವರೆಲ್ಲರೂ ಕುಳಿತರೆ ಎರಡನೆಯ ಪಂಕ್ತಿಯೇ ಇಲ್ಲವಷ್ಟೆ. ನ್ಯಾಯವು ಹೇಗಾದರೂ ಇರಲಿ, ಹತ್ತಾರು ವರ್ಷ ದಿನಗಳನ್ನು ಕೂಡಿಟ್ಟವರು ತಮ್ಮ ಗಂಟಿನ ಬೆಲೆಯನ್ನು ಕಟ್ಟುವವರು ತಾವಲ್ಲವೆಂಬುದನ್ನು ಅಂದು ಅರಿತುಕೊಂಡರು.

ಲೆಕ್ಕದಲ್ಲಿ ಇನ್ನೆರಡು ಸಣ್ಣ ಸಂಗತಿಗಳನ್ನು ಗೃಹಸ್ಥರು ಗಮನಿಸತಕ್ಕದ್ದು. ಮೊದಲನೆಯದು ಹೆಸರು. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು, ಸ್ವಂತ ಹೆಸರು ಇವುಗಳನ್ನು ಒಂದೆಡೆ ಮೊದಲಕ್ಷರಗಳಾಗಿಯೂ ಇನ್ನೊಂದೆಡೆ ಬಿಡಿಸಿಯೂ ಬರೆಯುವ ರೂಢಿಯಿದೆ. ಒಂದು ಸಲ ಒಂದು ಬಗೆ, ಮತ್ತೊಂದು ಸಲ ಮತ್ತೊಂದು ಬಗೆ ಬರೆಯಿಸಿದರೆ ಕಂಪೆನಿಯ ಲೆಕ್ಕದಲ್ಲಿ ಒಬ್ಬರೇ ಇಬ್ಬರಾಗಿ, ಅಂಕಗಳು ಹರಿದು ಹಂಚಿಹೋಗುವ ಸಂಭವವುಂಟು. ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರನ್ನು ಬರೆಯಿಸಿ, ಟಿಕೆಟ್ಟನ್ನು ಕೊಳ್ಳುವಾಗಲೇ ಸದಸ್ಯತ್ವದ ಸಂಖ್ಯೆಯನ್ನು ಹೇಳುವುದು ಕ್ಷೇಮ. ಎರಡನೆಯದು, ಪದವಿಯು ಕಂಪೆನಿಯ ಪುಸ್ತಕದಲ್ಲಿರುವುದೇ ಹೊರತು ನೌಕೆಯಲ್ಲಿ ಅಲ್ಲ. 2021ರಲ್ಲಿ ಮುಂಬಯಿಯಿಂದ ಕಾರ್ಡೀಲಿಯಾ ಕಂಪೆನಿಯವರು ಹೊರಡಿಸಿದ ಎಂಪ್ರೆಸ್ ಎಂಬ ನೌಕೆಯು, 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಎಂಬ ಹೆಸರಿನಿಂದ ರಾಯಲ್ ಕೆರಿಬಿಯನ್ನಿನವರಲ್ಲಿ ಕೆಲಸಕ್ಕೆ ಬಂದದ್ದೇ ಆಗಿದೆ. ಅದೇ ಮೆಟ್ಟಿಲು, ಅದೇ ಅಟ್ಟಗಳಾದರೂ, ಒಡೆಯನು ಬದಲಾದೊಡನೆ ಹಿಂದಿನ ವಜ್ರವೂ ಪಚ್ಚೆಯೂ ಅಲ್ಲಿ ನಡೆಯುವ ನಾಣ್ಯಗಳಲ್ಲ.

ಈಗ ಮೇಷ್ಟ್ರ ಪ್ರಶ್ನೆಗೆ ಬರೋಣ. ವಾರದ ಯಾನಕ್ಕೆ ಇಬ್ಬರಿಗೂ ಕೂಡಿ, ತೆರಿಗೆಯನ್ನೂ ಸಿಬ್ಬಂದಿಯ ಇನಾಮನ್ನೂ ಸೇರಿಸಿ, ಸುಮಾರು 2 ಲಕ್ಷ ರೂಪಾಯಿಗಳಾಗುತ್ತದೆಂದು ಮಗನು ತಿಳಿಸಿದ್ದನು. ಕಾಗದದ ಒಂದು ಕಡೆ ಅದನ್ನು ಬರೆದೆವು. ಇನ್ನೊಂದು ಕಡೆ ವಜ್ರದ ಪದವಿಯವರಿಗೆ ದೊರೆಯುವುದನ್ನು ಬರೆಯಬೇಕಾಗಿತ್ತು. ಅದರಲ್ಲಿ ಮುಖ್ಯವಾದುದು ದಿನಕ್ಕೆ ನಾಲ್ಕು ಪಾನೀಯಗಳ ಚೀಟಿ. ಇದನ್ನು ಕೇಳಿ ಅಲ್ಲಿಯವರೆಗೆ ಸುಮ್ಮನಿದ್ದ ಆಕೆಯು, "ನಾವು ಕುಡಿಯುವುದು ಬೆಳಗಿನ ಕಾಫಿ ಒಂದು, ಸಂಜೆಯ ಕಾಫಿ ಒಂದು. ಅದನ್ನು ಊಟದ ಮನೆಯಲ್ಲಿ ಎಲ್ಲರಿಗೂ ಕೊಡುತ್ತಾರಲ್ಲ," ಎಂದರು. ಆ ಸಾಲನ್ನು ಖಾಲಿ ಬಿಟ್ಟೆವು.

ಅಷ್ಟರಲ್ಲಿ ನಾವು ಇನ್ನೊಂದು ಮಾತನ್ನು ಕೇಳಿದೆವು: "ಮೇಷ್ಟ್ರೇ, ಈ ಏಳು ಅಂಕಗಳು ಲೆಕ್ಕಕ್ಕೆ ಸೇರುವುದು ಯಾವಾಗ?" ಅವರು ತುಸು ಹೊತ್ತು ಯೋಚಿಸಿದರು. ಅಂಕಗಳು ಸೇರುವುದು ಯಾನವು ಮುಗಿದ ಮೇಲೆ. ಎಂದರೆ ಠೇವಣಿಯನ್ನು ಮುರಿದು ಹೋಗುವ ಆ ವಾರವೆಲ್ಲ ಅವರು ಪಚ್ಚೆಯವರಾಗಿಯೇ ಇರುವರು. ಕೆಳಗಿಳಿದು ಮನೆ ಸೇರಿದ ಮೇಲೆ ವಜ್ರದವರಾಗುವರು. ವಜ್ರದ ಮರ್ಯಾದೆಯನ್ನು ಅನುಭವಿಸಬೇಕಾದರೆ ಅದರ ಮೇಲೆ ಇನ್ನೊಂದು ಯಾನ ಬೇಕು. ಅದಕ್ಕೆ ಇನ್ನೊಂದು 2 ಲಕ್ಷ. ಗಣಿತದ ಮೇಷ್ಟ್ರಿಗೆ ಇದನ್ನು ನಾವು ಬಿಡಿಸಿ ಹೇಳಬೇಕಾಗಲಿಲ್ಲ. ಅವರು ಸೀಸದಕಡ್ಡಿಯನ್ನು ತೆಗೆದುಕೊಂಡು 2ರ ಮುಂದೆ ಮತ್ತೊಂದು 2ನ್ನು ಬರೆದು, ಕೂಡಿಸದೆ ಹಾಗೆಯೇ ಕಾಗದವನ್ನು ಮಡಿಸಿದರು.

"ಏಳೇ ಅಂಕವೆಂಬುದು ಕಣ್ಣಿಗೆ ಕಟ್ಟಿಬಿಟ್ಟಿತ್ತು ಸ್ವಾಮಿ," ಎಂದರು. "ಪರೀಕ್ಷೆಯಲ್ಲಿ ಏಳು ಅಂಕಗಳಿಂದ ಮೊದಲನೆಯ ದರ್ಜೆಯನ್ನು ಕಳೆದುಕೊಂಡ ಹುಡುಗರನ್ನು ಎಷ್ಟು ಜನರನ್ನು ನೋಡಿಲ್ಲ ನಾನು!" ಇದರಲ್ಲಿ ನಗುವಂಥದ್ದೇನೂ ಇಲ್ಲ. ಮೆಟ್ಟಿಲು ಹತ್ತಿರವಾದಷ್ಟೂ ಕಾಲು ತಾನಾಗಿಯೇ ಮೇಲೇಳುವುದು ಮನುಷ್ಯ ಸ್ವಭಾವ. ವರ್ತಕರಿಗೆ ಅದು ಚೆನ್ನಾಗಿ ಗೊತ್ತು.

ಆದುದರಿಂದ ವಾಚಕರಲ್ಲಿ ನಮ್ಮ ಬಿನ್ನಹವು ಇಷ್ಟೆ. ನೌಕಾವಿಹಾರವು ತಪ್ಪಲ್ಲ, ಶಕ್ತಿಯಿದ್ದವರು ಹೋಗಿಬರಲಿ, ಅಂಕಗಳು ತಾವಾಗಿಯೇ ಕೂಡಿದರೆ ಕೂಡಲಿ, ದೊರೆತ ಮರ್ಯಾದೆಯನ್ನು ಸಂತೋಷದಿಂದ ಸ್ವೀಕರಿಸಲಿ. ಆದರೆ ಅಂಕಕ್ಕಾಗಿಯೇ ಒಂದು ಯಾನವನ್ನು ಗೊತ್ತುಮಾಡುವ ಮುನ್ನ ಮೂರು ಮಾತುಗಳನ್ನು ಕೇಳಿಕೊಳ್ಳಬೇಕು. ಇವರು ಎಣಿಸುವುದು ರಾತ್ರಿಯನ್ನೋ, ಯಾನವನ್ನೋ, ಹಣವನ್ನೋ? ಪದವಿಯಿಂದ ಬರುವುದರಲ್ಲಿ ನಾವು ನಿಜವಾಗಿ ಉಪಯೋಗಿಸುವುದೆಷ್ಟು? ಅದು ಕೈಗೆ ಬರುವುದು ಈ ಯಾನದಲ್ಲೋ, ಮುಂದಿನದರಲ್ಲೋ? ಈ ಮೂರಕ್ಕೂ ಉತ್ತರವನ್ನು ಬರೆದುಕೊಂಡ ಮೇಲೆ ಠೇವಣಿಯ ಕಾಗದವನ್ನು ಹೊರಗೆ ತೆಗೆಯಬಹುದು.

ಮೇಷ್ಟ್ರ ಮನೆಯವರಿಗೆ ಶಸ್ತ್ರಚಿಕಿತ್ಸೆಯು ಹೋದ ತಿಂಗಳು ಸುಸೂತ್ರವಾಗಿ ನಡೆಯಿತು. ಈಗ ಆಕೆಯು ಕೋಲನ್ನು ಹಿಡಿದು ಬೀದಿಯ ಕೊನೆಯವರೆಗೆ ನಡೆದುಬರುತ್ತಾರೆ. ದಿನಕ್ಕೆಷ್ಟು ಹೆಜ್ಜೆಗಳಾದವೆಂಬುದನ್ನು ಮೇಷ್ಟ್ರು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದಾರೆ. ಅವರ 73 ಅಂಕಗಳು ಕಂಪೆನಿಯ ಪುಸ್ತಕದಲ್ಲಿ ಹಾಗೆಯೇ ಇವೆ.