ಅಟ್ಟದ ಮೇಲಿನ ಡಬ್ಬಿ



ಅಂಕೋಲೆಯ ನಮ್ಮ ಹಳೆಯ ಮನೆಯ ಅಟ್ಟವನ್ನು ಮಳೆಗಾಲಕ್ಕೆ ಮುನ್ನ ಶುಚಿಗೊಳಿಸುತ್ತಿದ್ದಾಗ, ಗೇರುಮರಗಳಿಗೆಂದು ಎಂದೋ ತಂದಿದ್ದ ಕೀಟನಾಶಕದ ಡಬ್ಬಿಯೊಂದು ದೊರೆಯಿತು. ಹೆಸರಿನ ಚೀಟಿ ಹರಿದಿತ್ತು. ಒಳಗೆ ದ್ರವ ಇನ್ನೂ ಉಳಿದಿತ್ತು. "ಹಿತ್ತಲಲ್ಲಿ ಹೂತುಬಿಡೋಣ, ಮಾವ" ಎಂದ ಅಳಿಯ. ಹಿತ್ತಲಲ್ಲಿಯೇ ಬಾವಿಯಿದೆ. ಬೇಡವೆಂದೆ. ಆದರೆ ಬೇರೆ ಏನು ಮಾಡಬೇಕೆಂದು ಹೇಳಲು, ಜೀವಮಾನವೆಲ್ಲ ರಸಾಯನಶಾಸ್ತ್ರ ಕಲಿಸಿದ ನನಗೂ ಆಗಲಿಲ್ಲ.

ಎಂಡೋಸಲ್ಫಾನನ್ನು ಸರ್ವೋಚ್ಚ ನ್ಯಾಯಾಲಯ 2011ರ ಮೇ 13ರಂದು ತಡೆಯಿತು. ಅದರಿಂದ ನೊಂದವರು ಕಾಸರಗೋಡಿನಲ್ಲಿರುವಂತೆ ನಮ್ಮ ಉತ್ತರ ಕನ್ನಡದಲ್ಲಿಯೂ ಇದ್ದಾರೆ. ಬಳಕೆ ನಿಂತಿತು, ಉಳಿದ ವಿಷ ಮಾತ್ರ ಕಾಸರಗೋಡಿನ ಗೋದಾಮುಗಳಲ್ಲಿ ವರ್ಷಗಟ್ಟಲೆ ಪೀಪಾಯಿಗಳಲ್ಲಿ ಕುಳಿತಿತು. ಗಡಿಯ ಮಿಂಚಿಪದವಿನಲ್ಲಿ ಪಾಳುಬಾವಿಯೊಂದರಲ್ಲಿ ಅದನ್ನು ಹೂಳಲಾಗಿದೆಯೆಂಬ ದೂರು ಹಸಿರು ನ್ಯಾಯಾಧಿಕರಣದವರೆಗೂ ಹೋಯಿತು. ನಿಷೇಧಿಸುವುದನ್ನು ಕಲಿತ ನಾವು ನಾಶಪಡಿಸುವುದನ್ನು ಕಲಿಯಲಿಲ್ಲ.

ಸುಟ್ಟರಾಗದೇ? ಕ್ಲೋರಿನ್ ಇರುವ ವಿಷ ಅರೆಬೆಂದರೆ ಡಯಾಕ್ಸಿನ್ ಎಂಬ ಇನ್ನೂ ಘೋರ ವಿಷ ಹುಟ್ಟಬಹುದು. ಇದಕ್ಕೆ ನೀರಿನಲ್ಲಿಯೇ ಒಂದು ದಾರಿಯಿದೆ. ಕುಕ್ಕರಿನಲ್ಲಿ ನೀರು ಸುಮಾರು 120 ಡಿಗ್ರಿಯಲ್ಲಿ ಕುದಿಯುವುದೆಂದು ತರಗತಿಯಲ್ಲಿ ಹೇಳಿದ್ದು ನಿಮಗೆ ನೆನಪಿರಬಹುದು. ಉಷ್ಣತೆ 374 ಡಿಗ್ರಿಯನ್ನೂ ಒತ್ತಡ ವಾಯುಮಂಡಲದ ಸುಮಾರು 218 ಪಟ್ಟನ್ನೂ ಮೀರಿದರೆ ನೀರು ಅತ್ತ ದ್ರವವೂ ಅಲ್ಲ, ಇತ್ತ ಆವಿಯೂ ಅಲ್ಲ. ಆಗ ಅದರ ಗುಣವೇ ತಿರುಗುಮುರುಗಾಗುತ್ತದೆ: ಎಣ್ಣೆ, ಆಮ್ಲಜನಕಗಳು ಅದರಲ್ಲಿ ಬೆರೆಯುತ್ತವೆ, ಸಾಣಿಕಟ್ಟೆಯ ಗದ್ದೆಯಲ್ಲಿ ಬಿಸಿಲು ನೀರನ್ನು ಆರಿಸಿದ ಮೇಲೆ ಉಳಿಯುವ ಉಪ್ಪು, ಇಲ್ಲಿ ನೀರಿರುವಾಗಲೇ ಬೇರೆಯಾಗಿ ಬೀಳುತ್ತದೆ. ಮುಚ್ಚಿದ ಪಾತ್ರೆಯೊಳಗೆ, ಸಾಮಾನ್ಯವಾಗಿ ಒಂದು ನಿಮಿಷದೊಳಗೆ, ವಿಷದ ಇಂಗಾಲ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಎಂಡೋಸಲ್ಫಾನಿನ ಅಣುವಿನಲ್ಲಿರುವ 6 ಕ್ಲೋರಿನ್, 1 ಗಂಧಕ ಪರಮಾಣುಗಳು ಆಮ್ಲಗಳಾಗಿ, ಕ್ಷಾರ ಬೆರೆಸಿದಾಗ ಲವಣಗಳಾಗುತ್ತವೆ.

ತೊಡಕುಗಳಿಲ್ಲವೆಂದಲ್ಲ. ಆ ಆಮ್ಲ ಪಾತ್ರೆಯ ಲೋಹವನ್ನೇ ತಿನ್ನುತ್ತದೆ, ಉಪ್ಪು ಕೊಳವೆಗಳನ್ನು ಕಟ್ಟುತ್ತದೆ, ವೆಚ್ಚವೂ ಹೆಚ್ಚು. ದೂರದ ದೊಡ್ಡ ಕುಲುಮೆಗೆ ಸಾಗಿಸುವುದು ಅಗ್ಗವೆನ್ನುವವರ ಮಾತನ್ನು ನಾನು ಅಲ್ಲಗಳೆಯಲಾರೆ. ಆದರೆ 2024ರ ಜುಲೈ 16ರಂದು ನಮ್ಮ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು. ಹೆದ್ದಾರಿಯಲ್ಲಿದ್ದ ಅನಿಲದ ಟ್ಯಾಂಕರು ಗಂಗಾವಳಿಯ ಪಾಲಾಯಿತು. ಅದು ವಿಷದ ಲಾರಿಯಾಗಿದ್ದರೆ? ಕಾರವಾರದಿಂದ ಭಟ್ಕಳದವರೆಗೆ ಹೊಳೆ, ಅಳಿವೆಗಳನ್ನು ದಾಟುವ ಹೆದ್ದಾರಿ ನಮ್ಮದು. ವಿಷವನ್ನು ಕುಲುಮೆಯ ಬಳಿಗೆ ಒಯ್ಯುವ ಬದಲು ಕುಲುಮೆಯನ್ನೇ ವಿಷದ ಬಳಿಗೆ ತರುವುದು ಲೇಸೆಂದು ನನ್ನ ಅಭಿಪ್ರಾಯ. ಅಮೆರಿಕದಲ್ಲಿ ಸಾಗಿಸಬಹುದಾದ ಇಂಥ ಘಟಕಗಳು ಈಗಾಗಲೇ ಬಂದಿವೆ. ಜಿಲ್ಲೆಗಳೆಲ್ಲ ಸೇರಿ ಒಂದನ್ನು ಹೊಂದಲಿ. ವೆಚ್ಚದಲ್ಲಿ ತಯಾರಕರೂ ಪಾಲು ಕೊಡಲಿ. ತಾಲ್ಲೂಕಿಗೊಂದು ದಿನ ಹಳೆಯ ಔಷಧಿಗಳನ್ನು ಸಂಗ್ರಹಿಸುವ ಏರ್ಪಾಡಾಗಲಿ.

ನಿಮ್ಮಲ್ಲಿ ಹಲವರು ಈಗ ಎಂಜಿನಿಯರುಗಳು, ಅಧಿಕಾರಿಗಳು. ಈ ಮಾತು ನಡೆಯಬೇಕಾದ ಸಭೆಗಳಲ್ಲಿ ನೀವು ಕುಳಿತಿರುತ್ತೀರಿ. ಅಲ್ಲಿ ಒಮ್ಮೆ ಇದನ್ನು ಎತ್ತಿರಿ. ಡಬ್ಬಿಯನ್ನು ಇನ್ನೊಂದು ದೊಡ್ಡ ಡಬ್ಬಿಯಲ್ಲಿಟ್ಟು, ಮೇಲೆ 'ವಿಷ' ಎಂದು ಬರೆದು, ಬೀಗ ಹಾಕಿದ್ದೇನೆ. ಕೀಲಿಕೈ ನನ್ನ ಬಳಿಯಿದೆ. ನನ್ನ ನಂತರ ಅದನ್ನು ಯಾರ ಕೈಗೆ ಕೊಡಲಿ?