ಉಂಡ ಮನೆಯ ಜಂತಿ

ಉಂಡ ಮನೆಯ ಜಂತಿ ಎಣಿಸಬಾರದು ಎಂಬುದು ನಮ್ಮ ಹಿರಿಯರ ಮಾತು. ನೆಂಟರಿಷ್ಟರ ನಡುವಿನ ಮರ್ಯಾದೆಗೆ ಈ ಮಾತು ಒಪ್ಪತಕ್ಕದ್ದೇ. ಆದರೆ ಜಂತಿ ಎಣಿಸುವುದನ್ನೇ ಕಸಬು ಮಾಡಿಕೊಂಡವನು ಅದೇ ಮನೆಯಲ್ಲಿ ಉಣ್ಣತೊಡಗಿದರೆ ಗತಿಯೇನು?

ಮೊನ್ನೆ ಪಕ್ಷದ ಕೆಲಸದ ಮೇಲೆ ಸೂಡಿಗೆ ಹೋದಾಗ, ಕೂಡಿದ್ದ ರೈತ ಬಾಂಧವರೊಡನೆ ಸಂಘ, ಬ್ಯಾಂಕು, ಕಂಪನಿಗಳ ಲೆಕ್ಕಪತ್ರದ ಮಾತು ಬಂತು. ದೊಡ್ಡ ಕಂಪನಿಗಳ ಲೆಕ್ಕವನ್ನು ಪ್ರತಿ ವರ್ಷ ಆಡಿಟರು ತಪಾಸಣೆ ಮಾಡುತ್ತಾರೆಂದು ನಾವು ವಿವರಿಸುತ್ತಿರಲು ಹಿರಿಯರೊಬ್ಬರು ಕೇಳಿದರು: “ಅಲ್ರೀ ಮಾಸ್ತರ, ಲೆಕ್ಕಾ ನೋಡಾಂವಗ ಪಗಾರ ಕೊಡಾವ್ರು ಯಾರು?” ಆ ಕಂಪನಿಯವರೇ ಎಂದೆವು. “ಹಂಗಾರ ಆತ ಬಿಡ್ರಿ!” ಎಂದು ಅವರು ನಕ್ಕುಬಿಟ್ಟರು. ಆ ನಗೆಯಲ್ಲಿದ್ದ ಅರ್ಥಶಾಸ್ತ್ರ ದೊಡ್ಡ ದೊಡ್ಡ ಪಂಡಿತರ ಗ್ರಂಥಗಳಲ್ಲಿಯೂ ಸಿಗಲಾರದು.

ಜಗತ್ತಿನ ಲೆಕ್ಕ ನೋಡುವ ನಾಲ್ಕು ಮಹಾ ಸಂಸ್ಥೆಗಳಲ್ಲಿ ಕೆಪಿಎಂಜಿ ಒಂದು. 1870ರಲ್ಲಿ ಲಂಡನ್ನಿನ ಒಂದು ಲೆಕ್ಕದ ಕಚೇರಿಗೆ ಸೇರಿದ ವಿಲಿಯಂ ಬಾರ್ಕ್ಲೇ ಪೀಟ್, 1897ರಲ್ಲಿ ನ್ಯೂಯಾರ್ಕಿನಲ್ಲಿ ಅಂಗಡಿ ತೆರೆದ ಮಾರ್ವಿಕ್ ಮತ್ತು ಮಿಚೆಲ್, 1917ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಆರಂಭಿಸಿದ ಕ್ಲಿನ್‌ವೆಲ್ಡ್ - ಇವರೆಲ್ಲರ ಮನೆತನಗಳು ಕೂಡುತ್ತ ಕೂಡುತ್ತ 1987ರಲ್ಲಿ ಈ ಹೆಸರು ಹುಟ್ಟಿತು. ಒಂದು ಕಾಲಕ್ಕೆ ಇಂಥ ಮಹಾ ಸಂಸ್ಥೆಗಳು ಎಂಟಿದ್ದವು. ವಿಲೀನಗಳಿಂದ ಕೆಲವು ಕರಗಿದವು, ಎನ್ರಾನ್ ಹಗರಣದಲ್ಲಿ ಆರ್ಥರ್ ಆಂಡರ್ಸನ್ 2002ರಲ್ಲಿ ಮುಳುಗಿತು, ನಾಲ್ಕು ಉಳಿದವು. ಬಂಡವಾಳವು ಕೆಲವೇ ಕೈಗಳಲ್ಲಿ ಶೇಖರವಾಗುತ್ತ ಹೋಗುತ್ತದೆಂದು ನಾವು ಸಮಾಜವಾದಿಗಳು ಹೇಳುತ್ತ ಬಂದಿದ್ದೇವೆ. ಆ ಬಂಡವಾಳವನ್ನು ತಪಾಸಣೆ ಮಾಡುವ ಕಣ್ಣುಗಳೂ ಹಾಗೆಯೇ ಕಡಿಮೆಯಾಗುತ್ತವೆ ಎಂಬುದು ಇದರಿಂದ ಸಿದ್ಧವಾಯಿತು.

ಈ ಸಂಸ್ಥೆಯ ಈಚಿನ ಚರಿತ್ರೆಯನ್ನು ನೋಡಿರಿ. ಶ್ರೀಮಂತರಿಗೆ ತೆರಿಗೆ ತಪ್ಪಿಸುವ ದಾರಿಗಳನ್ನು ಮಾರಿದ ಪ್ರಕರಣದಲ್ಲಿ 2005ರಲ್ಲಿ ಅಮೇರಿಕೆಯಲ್ಲಿ 45 ಕೋಟಿ 60 ಲಕ್ಷ ಡಾಲರು ತೆರಲು ಒಪ್ಪಿತು. ಇಂಗ್ಲಂಡಿನಲ್ಲಿ 2018ರ ಜನವರಿಯಲ್ಲಿ ಕುಸಿದುಬಿದ್ದ ಕ್ಯಾರಿಲಿಯನ್ ಎಂಬ ಕಟ್ಟಡ ಕಂಪನಿಗೆ ಇವರೇ ಆಡಿಟರು. ಆ ಕೆಲಸದ ಲೋಪಗಳಿಗಾಗಿ 2023ರಲ್ಲಿ 2 ಕೋಟಿ 10 ಲಕ್ಷ ಪೌಂಡು ದಂಡ ಬಿತ್ತು. ಇವೆಲ್ಲಕ್ಕಿಂತ ನಮ್ಮನ್ನು ಬೆರಗುಗೊಳಿಸಿದ ಸಂಗತಿ ಬೇರೆ. ತಪಾಸಣೆಗೆ ಯಾವ ಕಡತಗಳು ಬರಲಿವೆ ಎಂಬ ಗುಟ್ಟನ್ನು ಆಡಿಟರ ಉಸ್ತುವಾರಿ ಸಂಸ್ಥೆಯಿಂದ ಕದ್ದು ತರಿಸಿಕೊಂಡು ಹಳೆಯ ಕಾಗದಗಳನ್ನು ತಿದ್ದಿದ್ದಕ್ಕಾಗಿ, ಮತ್ತು ನೌಕರರು ಪರೀಕ್ಷೆಯ ಉತ್ತರಗಳನ್ನು ಹಂಚಿಕೊಂಡಿದ್ದಕ್ಕಾಗಿ, 2019ರಲ್ಲಿ ಇದೇ ಸಂಸ್ಥೆ ಅಮೇರಿಕೆಯಲ್ಲಿ 5 ಕೋಟಿ ಡಾಲರು ದಂಡ ತೆತ್ತಿತು. 2024ರ ಏಪ್ರಿಲಿನಲ್ಲಿ ಇದರ ಹಾಲೆಂಡ್ ಶಾಖೆಗೂ ಅದೇ ಪರೀಕ್ಷೆಯ ನಕಲಿಗಾಗಿ 2 ಕೋಟಿ 50 ಲಕ್ಷ ಡಾಲರು ದಂಡವಾಯಿತು. ನಮ್ಮ ಹಳ್ಳಿಯ ಹುಡುಗನೊಬ್ಬ ಚೀಟಿ ಇಟ್ಟು ಸಿಕ್ಕಿಬಿದ್ದರೆ ಒಂದು ವರ್ಷ ಮನೆಯಲ್ಲಿ ಕೂಡುತ್ತಾನೆ. ಇವರು ದಂಡ ಕಟ್ಟಿ ಮರುದಿನವೇ ಕಚೇರಿಗೆ ಹೋಗುತ್ತಾರೆ!

ಇದು ಪರದೇಶದ ಮಾತೆನ್ನುವಂತಿಲ್ಲ. ಈ ಮಹಾ ಸಂಸ್ಥೆಗಳು ಭಾರತದಲ್ಲಿ ತಮ್ಮ ಜಾಲಕ್ಕೆ ಸೇರಿದ ಇಲ್ಲಿಯ ಸಂಸ್ಥೆಗಳ ಹೆಸರಿನಲ್ಲಿ ಸಹಿ ಹಾಕುತ್ತವೆ. ಕೆಪಿಎಂಜಿ ಜಾಲದ ಬಿಎಸ್ಆರ್ ಅಂಡ್ ಅಸೋಸಿಯೇಟ್ಸ್ ಎಂಬುದು ನಮ್ಮ ಚಿಕ್ಕಮಗಳೂರಿನ ಕಾಫಿಯಿಂದ ಬೆಳೆದ ಕಾಫಿ ಡೇ ಎಂಟರ್‌ಪ್ರೈಸಸ್ ಕಂಪನಿಯ 2018-19ನೆಯ ಸಾಲಿನ ಆಡಿಟರು. ಆ ಕಂಪನಿಯ ಸ್ಥಾಪಕ ವಿ. ಜಿ. ಸಿದ್ಧಾರ್ಥ 2019ರ ಜುಲೈಯಲ್ಲಿ ನೇತ್ರಾವತಿಯಲ್ಲಿ ಶವವಾಗಿ ಸಿಕ್ಕಿದ್ದನ್ನು ನಾಡು ಮರೆತಿಲ್ಲ. ಸತ್ತವರ ಮೇಲೆ ಕಲ್ಲೆಸೆಯುವುದು ನಮ್ಮ ಉದ್ದೇಶವಲ್ಲ. ಕಂಪನಿಯ ಏಳು ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಅವರ ಕುಟುಂಬದ ಎಸ್ಟೇಟ್ ಕಂಪನಿಗೆ ಹರಿದುಹೋಗಿತ್ತೆಂದು ಷೇರುಪೇಟೆಯ ನಿಯಂತ್ರಕ ಸೆಬಿ 2023ರ ಜನವರಿಯ ಆಜ್ಞೆಯಲ್ಲಿ ಹೇಳಿತು. ಆಡಿಟರು ತಮ್ಮ ಕರ್ತವ್ಯದಲ್ಲಿ ತಪ್ಪಿದರೆಂದು ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರವು 2024ರ ಏಪ್ರಿಲಿನಲ್ಲಿ ತೀರ್ಮಾನಿಸಿ 10 ಕೋಟಿ ರೂಪಾಯಿ ದಂಡ ವಿಧಿಸಿತು. ಹಣ ಹೋದದ್ದು ಮೊದಲು, ಸಾವು ಆಮೇಲೆ, ದಂಡ ಐದು ವರ್ಷದ ನಂತರ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು!

ಆಡಿಟರನ್ನು ಆರಿಸುವವರು ಷೇರುದಾರರೆಂದು ಕಾಯಿದೆ ಹೇಳುತ್ತದೆ. ಆದರೆ ಹೆಚ್ಚಿನ ಷೇರು ಯಾರ ಕೈಯಲ್ಲಿದೆಯೋ ಅವರ ಮಾತೇ ನಡೆಯುವುದೆಂಬುದನ್ನು ಯಾರೂ ಅಲ್ಲಗಳೆಯಲಾರರು. 2013ರ ಕಂಪನಿ ಕಾಯಿದೆಯು ಷೇರುಪೇಟೆಯ ಕಂಪನಿಗಳಲ್ಲಿ ಒಂದೇ ಸಂಸ್ಥೆ ಸತತ ಹತ್ತು ವರ್ಷ ಮೀರಿ ಆಡಿಟು ಮಾಡಕೂಡದೆಂದು ವಿಧಿಸಿತು. ಒಳ್ಳೆಯದೇ. ಆದರೆ ಉಣ್ಣುವವನು ಬದಲಾದ, ಉಣಿಸುವವನು ಬದಲಾಗಲಿಲ್ಲ. ಅದೇ ಕಾಯಿದೆಯ ಮೇರೆಗೆ ಸರಕಾರಿ ಕಂಪನಿಗಳ ಆಡಿಟರನ್ನು ಭಾರತದ ಮಹಾಲೇಖಪಾಲರು ನೇಮಿಸುತ್ತಾರೆ. ಸಾವಿರಾರು ಜನರ ಹಣ ಪಡೆದ ಖಾಸಗಿ ಕಂಪನಿಗಳಿಗೂ ಹೀಗೆಯೇ ಹೊರಗಿನಿಂದ ಆಡಿಟರು ನೇಮಕವಾಗಲಿ. ಅವರ ಸಂಬಳ ಕಂಪನಿಗಳಿಂದ ವಸೂಲಾದ ಸಾಮಾನ್ಯ ನಿಧಿಯಿಂದ ಹೋಗಲಿ. ಸರಕಾರದಿಂದ ನೇಮಕವಾದವರೆಲ್ಲ ಸತ್ಯಹರಿಶ್ಚಂದ್ರರೆಂದು ನಾವು ಹೇಳುವುದಿಲ್ಲ. ಅನ್ನದ ಋಣವೊಂದಾದರೂ ತಪ್ಪಲಿ ಎನ್ನುತ್ತೇವೆ.

ಇನ್ನು ನಮ್ಮ ಮನೆಯ ಮಾತು. ಅಕ್ಕಾದೇವಿ ಆಳಿದ ಸೂಡಿಯಲ್ಲಿ ಎಂಟು ಸೆಟ್ಟಿಗಳ, ಎಂಬತ್ತು ಒಕ್ಕಲುಗಳ ಕಟ್ಟಳೆಯನ್ನು ಹೊಸದಾಗಿ ಸ್ಥಾಪಿಸಿದ ಹನ್ನೊಂದನೆಯ ಶತಮಾನದ ಶಾಸನವಿದೆ. ಆ ಕಾಲ ಬಡವರ ಸ್ವರ್ಗವಾಗಿತ್ತೆಂದಲ್ಲ. ಆದರೆ ಕೊಟ್ಟದ್ದು, ಕೊಡಬೇಕಾದದ್ದು ಊರ ನಡುವೆ ಕಲ್ಲಿನ ಮೇಲೆ ನಿಂತಿತ್ತು. ಯಾರ ಕಪಾಟಿನಲ್ಲಿಯೂ ಬೀಗದೊಳಗೆ ಇರಲಿಲ್ಲ. 1905ರಲ್ಲಿ ಸಿದ್ಧನಗೌಡ ಪಾಟೀಲರು ಇದೇ ಗದಗ ಸೀಮೆಯ ಕಣಗಿನಹಾಳದಲ್ಲಿ ರೈತರ ಸಹಕಾರಿ ಸಂಘವನ್ನು ಕಟ್ಟಿ ದೇಶಕ್ಕೇ ದಾರಿ ತೋರಿಸಿದರು. ಇಂದು ನಮ್ಮ ಎಷ್ಟು ಸಂಘಗಳ ಸದಸ್ಯರು ತಮ್ಮ ಸಂಘದ ಆಡಿಟ್ ವರದಿಯನ್ನು ಕಣ್ಣಿನಿಂದ ಕಂಡಿದ್ದಾರೆ? ಮಹಾಸಭೆಯಲ್ಲಿ “ವರದಿ ಓದಿದೆವೆಂದು ಭಾವಿಸಲಾಗಿದೆ” ಎನ್ನುತ್ತಲೇ ಚಹಾ-ಚೂಡಾ ಬರುತ್ತದೆ. ಸಹಿ ಮಾಡಿ ಎದ್ದು ಬರುತ್ತೇವೆ. ಆ ಚೂಡಾ ಕೂಡ ಉಂಡ ಮನೆಯ ಅನ್ನವೇ ಅಲ್ಲವೆ?

ರೈತ ಬಾಂಧವರೇ, ದಿಲ್ಲಿಯ ಕಾಯಿದೆ ಬದಲಾಗಲು ಹೋರಾಟ ಬೇಕು, ಕಾಲ ಬೇಕು. ನಿಮ್ಮ ಸಂಘದ ಬರುವ ಮಹಾಸಭೆಯಲ್ಲಿ ಎದ್ದು ನಿಲ್ಲಲು ಯಾರ ಅಪ್ಪಣೆಯೂ ಬೇಕಿಲ್ಲ. ಆಡಿಟರು ಎತ್ತಿದ ಆಕ್ಷೇಪಣೆಗಳೇನು, ದೊಡ್ಡ ಬಾಕಿದಾರರು ಯಾರು, ಕೈಯಲ್ಲಿರುವ ಶಿಲ್ಕು ಎಷ್ಟು - ಈ ಮೂರನ್ನು ಗಟ್ಟಿಯಾಗಿ ಓದಿಸಿರಿ. ಓದಿ ಮುಗಿಯುವ ತನಕ ಚಹಾ ಮುಟ್ಟಬೇಡಿರಿ. ಈ ಮನೆ ನಿಮ್ಮದು. ಜಂತಿ ಎಣಿಸುವ ಹಕ್ಕೂ ನಿಮ್ಮದೇ.